ನಂಜೋ, ಬೇನೆಯೋ? — ಹುಳುರೋಗದ ಬರಹಗಳಲ್ಲಿ ಶಬ್ದೌಚಿತ್ಯ

೧

ಕಾವ್ಯದಲ್ಲಿ ಪದದ ಔಚಿತ್ಯವನ್ನು ವಿಚಾರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಪ್ರಾಣವೆಂದು ನಿರ್ಣಯಿಸಿ, ಪದ, ವಾಕ್ಯ, ಗುಣ, ಅಲಂಕಾರ, ರಸ ಮೊದಲಾದ ಒಂದೊಂದು ನೆಲೆಯಲ್ಲಿಯೂ ಅದನ್ನು ಪರೀಕ್ಷಿಸುವ ಮಾರ್ಗವನ್ನು ತೋರಿಸಿಕೊಟ್ಟನು. ಆದರೆ ಶಾಸ್ತ್ರವನ್ನೂ ವ್ಯವಹಾರವನ್ನೂ ತಿಳಿಸುವ ಬರಹಕ್ಕೆ ಈ ಪರೀಕ್ಷೆ ಸಲ್ಲದೆಂದು ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ಅಲ್ಲಿ ಅರ್ಥ ತಿಳಿದರೆ ಸಾಕು, ಪದ ಯಾವುದಾದರೇನು ಎಂಬುದು ರೂಢಿಯ ಅಭಿಪ್ರಾಯ. ಈ ಅಭಿಪ್ರಾಯ ಸರಿಯಲ್ಲವೆಂದೂ, ಇಂತಹ ಬರಹದಲ್ಲಿ ಪದ ತಪ್ಪಿದರೆ ಅದನ್ನು ನಂಬಿದವನ ಬೆಳೆಯೇ ತಪ್ಪಬಹುದೆಂದೂ ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

ನಿದರ್ಶನವಿದು: ಪೈರನ್ನು ತಿನ್ನುವ ಮರಿಹುಳುಗಳಿಗೆ ವೈರಸ್ಸಿನಿಂದ ಒಂದು ಬಗೆಯ ರೋಗ ಬರುತ್ತದೆ, ಆ ರೋಗವನ್ನೇ ಹೊಲದಲ್ಲಿ ಹಬ್ಬಿಸಿ ಬೆಳೆಯನ್ನು ಉಳಿಸಿಕೊಳ್ಳುವ ಉಪಾಯವೊಂದು ಕಳೆದ ಶತಮಾನದಲ್ಲಿ ರೂಪುಗೊಂಡಿತು. ಈ ರೋಗವನ್ನು ಕುರಿತ ಬರಹಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಂಡಿದೆ. ಮೊದಲನೆಯದು ೧೫೨೭ರಲ್ಲಿ ಅಚ್ಚಾದ ಒಂದು ಲ್ಯಾಟಿನ್ ಕಾವ್ಯ. ಎರಡನೆಯದು ೧೯೬೨ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಗದ್ಯಗ್ರಂಥ. ಮೂರನೆಯದು ಯಾವ ಒಬ್ಬ ಲೇಖಕನ ಕೃತಿಯೂ ಅಲ್ಲ. ನಮ್ಮ ಒಕ್ಕಲಿಗರ ಕೈಗೆ ಬರುವ ಕನ್ನಡ ಕೃಷಿಪತ್ರಿಕೆಗಳ ಮತ್ತು ಹಸ್ತಪತ್ರಗಳ ಸಾಮಾನ್ಯವಾದ ಧಾಟಿ. ಮೂರರಲ್ಲಿಯೂ ಪ್ರಸ್ತಾಪವಾಗಿರುವುದು ಒಂದೇ ಜಾತಿಯ ಸಾವು. ಆದರೆ ಅದನ್ನು ಒಬ್ಬನು ಬೇನೆಯೆಂದು ಕಂಡಿದ್ದಾನೆ, ಮತ್ತೊಬ್ಬಳು ಬೇನೆಯೆಂದು ಬಲ್ಲವಳಾದರೂ ನಂಜಿನ ಅಳತೆಗೋಲಿನಿಂದ ಅಳೆದಿದ್ದಾಳೆ, ನಮ್ಮ ಹಸ್ತಪತ್ರ ಅದನ್ನು ನಂಜೆಂದೇ ಕೊಡುತ್ತದೆ. ಈ ವ್ಯತ್ಯಾಸದಿಂದ ಏನಾಯಿತೆಂಬುದೇ ನಮ್ಮ ವಿಚಾರ.

೨

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳಬೇಕು. ಈ ವೈರಸ್ಸು ಹುಳುವಿನ ಜೀವಕೋಶಗಳ ಕೇಂದ್ರದಲ್ಲಿ ಬೆಳೆದು, ಪ್ರೋಟೀನಿನಿಂದಾದ ಬಹುಮುಖ ಸ್ಫಟಿಕಗಳೊಳಗೆ ಹುದುಗಿಕೊಳ್ಳುತ್ತದೆ. ಶಾಸ್ತ್ರಜ್ಞರು ಇಟ್ಟ 'ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್' ಎಂಬ ಹೆಸರಿನ ತಾತ್ಪರ್ಯವೂ ಇದೇ. ಇದರ ಮೊದಲಕ್ಷರಗಳಿಂದಾದ ಎನ್.ಪಿ.ವಿ. ಎಂಬುದು ನಮ್ಮ ಹಳ್ಳಿಗಳವರೆಗೂ ಬಂದಿದೆ. ಎಲೆಯ ಮೇಲೆ ಬಿದ್ದಿರುವ ಸ್ಫಟಿಕವನ್ನು ಹುಳು ಎಲೆಯೊಡನೆ ತಿನ್ನಬೇಕು. ಮೈಗೆ ಸೋಕಿದ ಮಾತ್ರಕ್ಕೆ ಏನೂ ಆಗದು. ಹುಳುವಿನ ಕರುಳಿನ ರಸ ಬಲವಾದ ಕ್ಷಾರವಾದ್ದರಿಂದ ಅಲ್ಲಿ ಸ್ಫಟಿಕ ಕರಗಿ ವೈರಸ್ಸು ಹೊರಬೀಳುತ್ತದೆ. ಕರುಳಿನ ಕೋಶಗಳನ್ನು ಹೊಕ್ಕು, ಅಲ್ಲಿಂದ ದೇಹದ ತುಂಬ ಹರಡುತ್ತದೆ. ಹುಳು ಕೂಡಲೇ ಸಾಯುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಏಳು ದಿವಸ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಅದು ತಿನ್ನುತ್ತಲೂ ಇರುತ್ತದೆ. ಕೊನೆಗೆ ಮೈ ಬಿಳಿಚಿ ಊದಿ, ಗಿಡದ ತುದಿಗೆ ಏರಿ, ಹಿಂಗಾಲುಗಳಿಂದ ಹಿಡಿದುಕೊಂಡು ತಲೆಕೆಳಗಾಗಿ ತೂಗಾಡಿ ಸಾಯುತ್ತದೆ. ಚರ್ಮ ಒಡೆದು ಒಳಗಿನದೆಲ್ಲ ದ್ರವವಾಗಿ ಕೆಳಗಿನ ಎಲೆಗಳ ಮೇಲೆ ಸುರಿಯುತ್ತದೆ. ಆ ದ್ರವದಲ್ಲಿ ಕೋಟ್ಯಂತರ ಸ್ಫಟಿಕಗಳಿರುವುದರಿಂದ, ಕೆಳಗೆ ಮೇಯುವ ಹುಳುಗಳಿಗೆ ರೋಗ ಅಂಟುತ್ತದೆ. ಹುಳು ತುದಿಗೆ ಏರುವುದು ಆಕಸ್ಮಿಕವಲ್ಲ. ಜಿಪ್ಸಿ ಪತಂಗದ ಮರಿಹುಳುವಿನಲ್ಲಿ ಹಾಗೆ ಏರಿಸುವುದು ವೈರಸ್ಸಿನದೇ ಒಂದು ಜೀನಿನ ಕಾರ್ಯವೆಂದು ೨೦೧೧ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇನ್ನು ಮೂರು ಲಕ್ಷಣಗಳನ್ನು ನೆನಪಿನಲ್ಲಿಡಬೇಕು. ಎಳೆಯ ಹುಳುವಿಗೆ ಅತ್ಯಲ್ಪ ಪ್ರಮಾಣ ಸಾಕು. ಬಲಿತ ಹುಳುವಿಗೆ ಅದರ ಸಾವಿರಾರು ಪಾಲು ಬೇಕಾಗಬಹುದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ವೈರಸ್ಸು ಬೇಗನೆ ನಿಷ್ಫಲವಾಗುತ್ತದೆ. ಒಂದು ಹುಳುವಿನ ವೈರಸ್ಸು ಸಾಮಾನ್ಯವಾಗಿ ಆ ಹುಳುವಿಗೂ ಅದರ ಹತ್ತಿರದ ಬಂಧುಗಳಿಗೂ ಮಾತ್ರ ತಗಲುತ್ತದೆ. ಮನುಷ್ಯನಿಗಾಗಲಿ, ದನಕರುಗಳಿಗಾಗಲಿ, ಜೇನ್ನೊಣಕ್ಕಾಗಲಿ ತಗಲದು.

೩

ಇಟಲಿಯ ಕ್ರೆಮೋನ ಪಟ್ಟಣದ ಮಾರ್ಕೊ ಜಿರೊಲಾಮೊ ವೀಡಾ ಎಂಬ ಕವಿ ೧೫೨೭ರಲ್ಲಿ ರೇಷ್ಮೆಹುಳುವನ್ನು ಕುರಿತು 'ದೆ ಬಾಂಬಿಸೆ' ಎಂಬ ಎರಡು ಆಶ್ವಾಸಗಳ ಕಾವ್ಯವನ್ನು ಪ್ರಕಟಿಸಿದನು. ಕಾವ್ಯಕಲೆಯನ್ನು ಕುರಿತ ಅವನ ಪ್ರಸಿದ್ಧ ಪದ್ಯಗ್ರಂಥವೂ ಅದೇ ಸಂಪುಟದಲ್ಲಿ ಅಚ್ಚಾಯಿತು. ಅನಂತರ ಆಲ್ಬ ಎಂಬಲ್ಲಿ ಬಿಷಪ್ಪನಾದ ಈತನನ್ನು ಇಂಗ್ಲಿಷ್ ಕವಿ ಪೋಪನು ತನ್ನ ವಿಮರ್ಶೆಯ ಪದ್ಯಪ್ರಬಂಧದಲ್ಲಿ ಹೊಗಳಿರುವುದನ್ನು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು ಬಲ್ಲರು. ವರ್ಜಿಲನು ವೀಡಾನಿಗೆ ಗುರು. ಕೃಷಿಯನ್ನು ಕುರಿತ ಕಾವ್ಯದ ನಾಲ್ಕನೆಯ ಭಾಗದಲ್ಲಿ ವರ್ಜಿಲನು ಜೇನ್ನೊಣಗಳ ಬಾಳನ್ನೂ ಬೇನೆಯನ್ನೂ ಹಾಡಿದಂತೆ, ವೀಡಾ ರೇಷ್ಮೆಹುಳುವಿನ ಸಾಕಣೆಯನ್ನೂ ಅದರ ರೋಗಗಳನ್ನೂ ಹಾಡಿದನು.

ರೋಗ ಬಡಿದ ರೇಷ್ಮೆಹುಳು ಕರಗಿ ನೀರಾಗುವುದನ್ನು ಈ ಕಾವ್ಯ ಚಿತ್ರಿಸುತ್ತದೆ. ಕೀಟರೋಗಶಾಸ್ತ್ರದ ಚರಿತ್ರೆಯನ್ನು ಬರೆದವರು ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ವೈರಸ್ ರೋಗದ ಮೊತ್ತಮೊದಲ ವರ್ಣನೆ ಇದೇ ಇರಬೇಕೆಂದು ಪರಿಗಣಿಸಿದ್ದಾರೆ. ಇಲ್ಲಿ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಒಂದಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ರೋಗಕ್ಕೆ ಕಾರಣವೇನೆಂದು ತಿಳಿಯದೆ ಬರೆದ ಕವಿಯ ಮಾತನ್ನು ಹಿಡಿದು, ಇದು ಇಂತಹ ರೋಗವೇ ಎಂದು ನಾಲ್ಕುನೂರು ವರ್ಷಗಳ ಮೇಲೆ ಶಾಸ್ತ್ರಜ್ಞರು ಗುರುತಿಸಲು ಸಾಧ್ಯವಾದದ್ದು ಹೇಗೆ? ಉತ್ತರ ಸರಳವಾಗಿದೆ. ಕವಿ ಕಂಡದ್ದನ್ನು ಕಂಡಂತೆ ಹೇಳಿದನು. ರೋಗದ ಕಾರಣವನ್ನು ಕುರಿತು ಅವನ ಕಾಲದವರು ಏನನ್ನು ನಂಬಿದ್ದರೋ ಅದೆಲ್ಲ ಹಳತಾಯಿತು. ಹುಳು ಕರಗಿತು ಎಂಬ ಮಾತು ಹಳತಾಗಲಿಲ್ಲ. ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಎಣಿಸಬೇಕೆ ಬೇಡವೆ ಎಂದು ನಮ್ಮ ಆಲಂಕಾರಿಕರು ವಾದಿಸಿದ್ದುಂಟು. ಆ ವಾದ ಹೇಗಾದರೂ ಇರಲಿ, ಸ್ವಭಾವೋಕ್ತಿಗೆ ಕಾಲವನ್ನು ಗೆಲ್ಲುವ ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಈ ಗುಣಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ರೇಷ್ಮೆಹುಳು ಸಾಕಿದ ಪ್ರಾಣಿ; ಅದರ ಸಾವು ಸಾಕಿದವನಿಗೆ ನಷ್ಟ. ಆದ್ದರಿಂದ ಅಲ್ಲಿ ಬೀಭತ್ಸದೊಡನೆ ಕರುಣವೂ ಬೆರೆಯುತ್ತದೆ. ಕರುಣದಿಂದ ನೋಡುವವನು ರೋಗಿಯ ಬಳಿಯಲ್ಲಿ ಬಹಳ ಹೊತ್ತು ಕುಳಿತಿರುತ್ತಾನೆ. ಇಂದು ಹೇಗಿದೆ, ನಾಳೆ ಹೇಗಾಯಿತು, ಯಾವುದರಿಂದ ಯಾವುದಕ್ಕೆ ಹರಡಿತು ಎಂದು ಗಮನಿಸುತ್ತಾನೆ. ಬೇನೆಯೆಂಬ ಭಾವನೆಯಲ್ಲಿಯೇ ಕಾಲದ ಅಂಶವೊಂದು ಅಡಗಿದೆ. ನಂಜೆಂಬ ಭಾವನೆಯಲ್ಲಿ ಅದಿಲ್ಲ.

೪

ವೀಡಾನ ತರುವಾಯ ಈ ರೋಗಕ್ಕೆ ಬಂದ ಹೆಸರುಗಳನ್ನು ನೋಡಿದರೆ, ಅವೆಲ್ಲವೂ ಅದೇ ಜಾತಿಯ ಸ್ವಭಾವೋಕ್ತಿಗಳೇ ಆಗಿವೆ. ಇಟಲಿಯವರು ಮೈ ಹಳದಿಯಾಗುವುದನ್ನು ಕಂಡು 'ಜಾಲ್ಲೂಮೆ' ಎಂದರು. ಫ್ರಾನ್ಸಿನವರು ಕೊಬ್ಬಿದಂತೆ ಊದುವುದನ್ನು ಕಂಡು 'ಗ್ರಾಸರಿ' ಎಂದರು. ಕಾಡುಮರಗಳ ಎಲೆ ತಿನ್ನುವ ನನ್ ಪತಂಗದ ಹುಳುಗಳು ಮರದ ತುದಿಗೆ ಏರಿ ಸಾಯುವುದನ್ನು ನೋಡಿದ ಜರ್ಮನರು ಅದನ್ನು 'ಮರದ ತುದಿಯ ರೋಗ' ಎಂದು ಕರೆದರು. ಜಿಪ್ಸಿ ಪತಂಗದ ಹುಳು ಬಾಡಿ ಜೋತುಬೀಳುವುದನ್ನು ಕಂಡ ಅಮೆರಿಕದವರು 'ಬಾಡುರೋಗ' ಎಂದರು.

ನಮ್ಮ ರೇಷ್ಮೆ ಬೆಳೆಗಾರರ ಮಾತು ಇವುಗಳಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ರೇಷ್ಮೆಹುಳುವಿನ ರೋಗಗಳಿಗೆ ಅವರಲ್ಲಿ ಬಳಕೆಯಲ್ಲಿರುವ ಹೆಸರುಗಳು ಗಂಟುರೋಗ, ಸಪ್ಪೆರೋಗ, ಸುಣ್ಣಕಟ್ಟು, ಹಾಲುತೊಂಡೆ ಎಂಬವು. ಬೂಷ್ಟು ಹಿಡಿದು ಸತ್ತ ಹುಳು ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗುವುದರಿಂದ ಸುಣ್ಣಕಟ್ಟು. ವೈರಸ್ಸು ತಗಲಿದ ಹುಳುವಿನ ಮೈಯಿಂದ ಹಾಲಿನಂತಹ ದ್ರವ ಒಸರುವುದರಿಂದ ಹಾಲುತೊಂಡೆ. ಆ ಹಾಲುಬಣ್ಣ ಬರುವುದು ರಕ್ತದಲ್ಲಿ ತುಂಬಿರುವ ಸ್ಫಟಿಕಗಳಿಂದ ಮತ್ತು ಒಡೆದ ಕೋಶಗಳಿಂದ. ಎಂದರೆ, ೧೮೫೬ರಲ್ಲಿ ಇಟಲಿಯ ಮಾಯೆಸ್ತ್ರಿ, ಕೊರ್ನಾಲಿಯ ಎಂಬ ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ಯಾವುದನ್ನು ಕಂಡು ವರ್ಣಿಸಿದರೋ, ಆ ಸ್ಫಟಿಕರಾಶಿಯನ್ನೇ ನಮ್ಮ ಬೆಳೆಗಾರನು ಬರಿಗಣ್ಣಿನಿಂದ ಹಾಲೆಂದು ಕಂಡು ಹೆಸರಿಟ್ಟಿದ್ದಾನೆ. ಸ್ಫಟಿಕದೊಳಗೆ ಕಡ್ಡಿಯ ಆಕಾರದ ವೈರಸ್ ಕಣಗಳಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬೆರ್ಗೋಲ್ಡನು ತೋರಿಸಿದ್ದು ೧೯೪೭ರಲ್ಲಿ.

೫

ಮರಿಹುಳುವಿನ ಸಾವನ್ನು ಲಾಭವೆಂದು ಕಾಣುವ ಕಾಲ ಇದರ ಬೆನ್ನಿಗೇ ಬಂದಿತು. ಕ್ಯಾಲಿಫೋರ್ನಿಯದಲ್ಲಿ ಲೂಸರ್ನ್ ಮೇವಿನ ಬೆಳೆಯನ್ನು ತಿನ್ನುವ ಹುಳುವಿನ ಮೇಲೆ ಇದೇ ಬಗೆಯ ವೈರಸ್ಸನ್ನು ಸಿಂಪಡಿಸಿ ಸ್ಟೈನ್‌ಹೌಸ್ ಮತ್ತು ಥಾಂಪ್ಸನ್ ಎಂಬವರು ಹೊಲದಲ್ಲಿ ಪ್ರಯೋಗ ನಡೆಸಿ, ೧೯೪೯ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಈ ಪ್ರಯೋಗವನ್ನು ಸಾಮಾನ್ಯ ವಾಚಕರ ಗಮನಕ್ಕೆ ತಂದವಳು ರೇಚಲ್ ಕಾರ್ಸನ್. ೧೯೬೨ರಲ್ಲಿ ಪ್ರಕಟವಾದ 'ಸೈಲೆಂಟ್ ಸ್ಪ್ರಿಂಗ್' ಎಂಬ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ರಾಸಾಯನಿಕ ವಿಷಗಳನ್ನು ಬಿಟ್ಟು ಹಿಡಿಯಬಹುದಾದ ಬೇರೆ ದಾರಿಗಳನ್ನು ಎಣಿಸುವಾಗ ಆಕೆ ಇದನ್ನು ಹೇಳಿದ್ದಾಳೆ.

ಆ ಗ್ರಂಥದ ಹಿರಿಮೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಹೆಸರಿನ ಬಲವೆಷ್ಟೆಂಬುದನ್ನು ಆಕೆ ಚೆನ್ನಾಗಿ ಅರಿತವಳು. ಕೀಟನಾಶಕಗಳು ಕೀಟಗಳನ್ನು ಮಾತ್ರವೇ ನಾಶಮಾಡುವುದಿಲ್ಲವಾದ್ದರಿಂದ ಅವನ್ನು ಜೀವನಾಶಕಗಳೆಂದೇ ಕರೆಯಬೇಕೆಂದು ವಾದಿಸಿದವಳು. ಆದರೂ ಈ ಒಂದು ಸ್ಥಳದಲ್ಲಿ ಆಕೆಯ ಮಾತು ಜಾರಿದೆ ಎಂದು ಹೇಳಲೇಬೇಕು. ಲೂಸರ್ನ್ ಹೊಲದ ವೈರಸ್ಸನ್ನು ಹೊಗಳುವಾಗ, ಆ ಹುಳುವಿನ ಮಟ್ಟಿಗೆ ಅದು ಯಾವ ಕೀಟನಾಶಕಕ್ಕೂ ಕಡಿಮೆಯಿಲ್ಲದಷ್ಟು ಮಾರಕವೆಂಬ ಹೋಲಿಕೆಯನ್ನು ಆಕೆ ಬಳಸುತ್ತಾಳೆ. ರೋಗದಿಂದ ಸತ್ತ ಐದೇ ಹುಳುಗಳ ದೇಹದಿಂದ ಒಂದು ಎಕರೆಗೆ ಸಾಕಾಗುವಷ್ಟು ವೈರಸ್ಸು ದೊರೆಯುವುದೆಂದು ಬೆರಗಿನಿಂದ ತಿಳಿಸುತ್ತಾಳೆ. ಎರಡು ಮಾತೂ ನಿಜವೇ. ಆದರೆ ಮೊದಲನೆಯದರಲ್ಲಿ ಅಳತೆಗೋಲು ವಿಷದ್ದು. ಗ್ರಂಥದ ಉದ್ದಕ್ಕೂ ಯಾವ ಅಳತೆಗೋಲನ್ನು ಮುರಿಯಲು ಆಕೆ ಹೋರಾಡಿದಳೋ, ಅದನ್ನೇ ಇಲ್ಲಿ ಎರವಲು ಪಡೆದಂತಾಯಿತು. ಬೇನೆಯ ಹಿರಿಮೆಯನ್ನು ನಂಜಿನ ಭಾಷೆಯಲ್ಲಿ ಹೇಳಿದರೆ, ನಂಜಿನಿಂದ ನಿರೀಕ್ಷಿಸುವುದನ್ನೆಲ್ಲ ವಾಚಕನು ಅದರಿಂದಲೂ ನಿರೀಕ್ಷಿಸುತ್ತಾನೆ. ಅದು ಎಷ್ಟು ದಿವಸದಲ್ಲಿ ಕೊಲ್ಲುತ್ತದೆ, ಯಾವ ವಯಸ್ಸಿನ ಹುಳುವನ್ನು ಕೊಲ್ಲುತ್ತದೆ ಎಂಬ ಮಾತು ಆ ವಾಕ್ಯಗಳಲ್ಲಿಲ್ಲ. ವೀಡಾನಲ್ಲಿದ್ದ ಕಾಲದ ಅಂಶ ಇಲ್ಲಿ ಕಳೆದುಹೋಗಿದೆ.

ಎರಡನೆಯ ಮಾತನ್ನು ನಮ್ಮ ನಾಡಿನ ಲೆಕ್ಕದೊಡನೆ ಹೋಲಿಸಿ ನೋಡಬಹುದು. ತೊಗರಿ, ಕಡಲೆ, ಹತ್ತಿಗಳನ್ನು ಕೊರೆಯುವ ಹೆಲಿಕೋವರ್ಪ ಹುಳುವಿಗೆ ಭಾರತದಲ್ಲಿ ಶಿಫಾರಸು ಮಾಡಿದ ರೂಢಿಯ ಪ್ರಮಾಣ ಹೆಕ್ಟೇರಿಗೆ ೨೫೦ ಹುಳುಗಳಷ್ಟು, ಎಂದರೆ ಎಕರೆಗೆ ಸುಮಾರು ೧೦೦. ಕಾರ್ಸನ್ನಳ ಐದಕ್ಕೂ ಇದಕ್ಕೂ ಇಪ್ಪತ್ತು ಪಾಲು ಅಂತರ. ಹುಳು ಬೇರೆ, ವೈರಸ್ಸು ಬೇರೆ, ಬೆಳೆ ಬೇರೆ. ಒಂದು ಎಲೆಯ ಮೇಲೆ ಬಯಲಲ್ಲಿ ಮೇಯುವುದು. ಇನ್ನೊಂದು ಕಾಯಿಯೊಳಗೆ ತಲೆಯಿಟ್ಟು ಅಡಗುವುದು. ಒಂದು ಬೇನೆಯಿಂದ ಇನ್ನೊಂದು ಬೇನೆಗೆ ಲೆಕ್ಕವನ್ನು ವರ್ಗಾಯಿಸಲಾಗದು. ಬೆರಗು ಹುಟ್ಟಿಸುವ ಸಂಖ್ಯೆ ಗದ್ಯಕ್ಕೆ ಶೋಭೆಯನ್ನು ತರಬಹುದು. ಆದರೆ ಅದನ್ನು ಎಲ್ಲಕ್ಕೂ ಸಲ್ಲುವ ನಿಯಮವೆಂದು ಓದಿದವನು ಮೋಸಹೋಗುತ್ತಾನೆ.

೬

ಈಗ ಕನ್ನಡಕ್ಕೆ ಬರೋಣ. ವೈರಸ್ ಎಂಬುದಕ್ಕೆ ನಮ್ಮಲ್ಲಿ ವಿಷಾಣು, ನಂಜಾಣು, ವೈರಾಣು ಎಂಬ ಮೂರು ಪದಗಳು ಹುಟ್ಟಿವೆ. ಮೊದಲನೆಯದು ಸಂಸ್ಕೃತದಿಂದ ಬಂದದ್ದು. ಎರಡನೆಯದು ಅದಕ್ಕೆ ಸರಿಯಾಗಿ ಅಚ್ಚಗನ್ನಡದ ಶಬ್ದವನ್ನು ಮುಂದಿಟ್ಟುಕೊಂಡದ್ದು. ಮೂರನೆಯದು ಮೂಲಶಬ್ದದ ಧ್ವನಿಯನ್ನು ಅನುಸರಿಸಿ 'ವೈರ'ವನ್ನು ಸೇರಿಸಿಕೊಂಡದ್ದು. ವೀಡಾ ಬರೆದ ಲ್ಯಾಟಿನಿನಲ್ಲಿ 'ವೈರಸ್' ಎಂದರೆ ನಂಜೆಂದೇ ಅರ್ಥವಾದ್ದರಿಂದ, ನಮ್ಮ ಮೊದಲೆರಡು ಪದಗಳನ್ನು ರಚಿಸಿದವರು ತಪ್ಪುಮಾಡಿದರೆಂದು ಹೇಳುವಂತಿಲ್ಲ. ಅವರು ನಿರುಕ್ತಿಗೆ ನಿಷ್ಠರಾಗಿದ್ದಾರೆ. ಅಲ್ಲದೆ ನಮ್ಮಲ್ಲಿ ವಿಷಶಾಸ್ತ್ರದ ಪರಂಪರೆಯೂ ಬಲವಾದದ್ದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಟ್ಟುಕೊಂಡು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಇಂತಹ ಭಾಷೆಗೆ ನಂಜು ಎಂಬ ಶಬ್ದ ಸುಲಭವಾಗಿ ಒದಗಿಬಂದದ್ದು ಸಹಜ.

ಇನ್ನೊಂದು ಸಮಾಧಾನವನ್ನೂ ಹೇಳಬಹುದು. ಗಾಯ ನಂಜಾಯಿತು, ನಂಜೇರಿತು ಎಂಬ ಮನೆಮಾತಿನಲ್ಲಿ ನಂಜೆಂದರೆ ವಿಷವೆಂದಷ್ಟೇ ಅರ್ಥವಲ್ಲ. ಮೈಯೊಳಗೆ ಬೆಳೆದು ಹರಡುವ ಕೆಡುಕೆಂಬ ಅರ್ಥವೂ ಉಂಟು. ಆದ್ದರಿಂದ 'ನಂಜಾಣು' ಎಂಬ ಪದ ತಾನೊಂದೇ ನಿಂತಾಗ ಅನುಚಿತವಲ್ಲ. ಆದರೆ ಪದದ ಔಚಿತ್ಯ ನಿರ್ಣಯವಾಗುವುದು ನೆರೆಹೊರೆಯಿಂದ. 'ಜೈವಿಕ ಕೀಟನಾಶಕ', 'ಸಿಂಪರಣೆ', 'ಹತೋಟಿ' ಎಂಬ ಶಬ್ದಗಳ ನಡುವೆ ನಂಜಾಣುವನ್ನು ಇಟ್ಟಾಗ, ಬೆಳೆಯುವ ಕೆಡುಕೆಂಬ ಅರ್ಥ ಅಡಗಿಹೋಗಿ ವಿಷವೆಂಬ ಅರ್ಥವೊಂದೇ ಉಳಿಯುತ್ತದೆ. ವೈರಾಣು ಎಂಬುದಂತೂ ಇಲ್ಲಿ ವಿಪರೀತವೇ ಆಗುತ್ತದೆ. ಹುಳುವಿಗೆ ವೈರಿಯಾದುದು ಒಕ್ಕಲಿಗನಿಗೆ ಮಿತ್ರ.

ವಿಚಿತ್ರವೆಂದರೆ, ಬೇಕಾದ ಮಾತು ಈ ನಾಡಿನಲ್ಲಿಯೇ ಇದ್ದಿತು. ಹಳೆಯ ಮೈಸೂರು ಸೀಮೆಯ ರೇಷ್ಮೆಮನೆಯಲ್ಲಿ ಹಾಲುತೊಂಡೆಯೆಂದು ಹೆಸರಾದ ಬೇನೆಯ ಸಜಾತಿಯೇ ಕಲಬುರಗಿಯ ತೊಗರಿ ಹೊಲಕ್ಕೆ ಎನ್.ಪಿ.ವಿ. ಎಂಬ ಮೂರಕ್ಷರಗಳಾಗಿ ಬಂದಿತು. ಒಂದು ಕಡೆ ಅದು ಶಾಪ, ಇನ್ನೊಂದು ಕಡೆ ವರ. ಎರಡೂ ಒಂದೇ ಕುಲದ್ದೆಂಬುದನ್ನು ತಿಳಿಸುವ ಹೆಸರು ಮಾತ್ರ ಹೊಲಕ್ಕೆ ಬರಲಿಲ್ಲ. ತೊಗರಿಯ ಹುಳುವಿನ ವೈರಸ್ಸು ರೇಷ್ಮೆಹುಳುವಿಗೆ ತಗಲದೆಂಬ ಮುಖ್ಯವಾದ ಸಮಾಧಾನವೂ, ಕುಲಸಂಬಂಧವನ್ನೇ ತಿಳಿಸದ ಮೇಲೆ, ಹೇಳುವ ಸಂದರ್ಭವಿಲ್ಲದೆ ಉಳಿಯಿತು.

೭

ನಮ್ಮ ಹಸ್ತಪತ್ರಗಳ ಧಾಟಿ ಹೀಗಿರುತ್ತದೆ: ಹುಳು ಕಂಡಾಗ ಇಂತಹ ರಾಸಾಯನಿಕವನ್ನು ಲೀಟರು ನೀರಿಗೆ ಇಷ್ಟು ಬೆರೆಸಿ ಸಿಂಪಡಿಸಬೇಕು, ಇಲ್ಲವೆ ಹೆಕ್ಟೇರಿಗೆ ೨೫೦ ಎಲ್.ಇ. ಎನ್.ಪಿ.ವಿ. ಸಿಂಪಡಿಸಬೇಕು, ಬೆಲ್ಲ ಸೇರಿಸಬೇಕು, ಸಂಜೆ ಸಿಂಪಡಿಸುವುದು ಒಳ್ಳೆಯದು. ವಾಕ್ಯರಚನೆ ಎರಡಕ್ಕೂ ಒಂದೇ, ಕ್ರಿಯಾಪದವೂ ಒಂದೇ. 'ಇಲ್ಲವೆ' ಎಂಬ ಅವ್ಯಯ ಎರಡನ್ನೂ ಸಮಾನವಾಗಿಸುತ್ತದೆ. ಓದಿದ ಒಕ್ಕಲಿಗನು ಹುಳು ಬಲಿತ ಮೇಲೆ ಸಿಂಪಡಿಸುತ್ತಾನೆ. ವಿಷಕ್ಕೆ ಹುಳುವಿನ ವಯಸ್ಸಿನ ಎಣಿಕೆ ಅಷ್ಟಾಗಿ ಬೇಡವೆಂದು ಅವನು ಕಂಡಿದ್ದಾನೆ. ಮರುದಿವಸ ಹೊಲಕ್ಕೆ ಹೋಗಿ ನೋಡುತ್ತಾನೆ. ಹುಳು ತಿನ್ನುತ್ತಲೇ ಇದೆ. ಮೂರನೆಯ ದಿವಸವೂ ಹಾಗೆಯೇ. ಔಷಧ ಸುಳ್ಳೆಂದು ತೀರ್ಮಾನಿಸಿ ರಾಸಾಯನಿಕವನ್ನು ತರುತ್ತಾನೆ. ಅವನು ಅವಿವೇಕಿಯಲ್ಲ, ತಾನು ಓದಿದ ವಾಕ್ಯಕ್ಕೆ ವಿಧೇಯನಾಗಿ ನಡೆದುಕೊಂಡಿದ್ದಾನೆ.

ಅದೇ ಸೂಚನೆಗಳನ್ನು ಬೇನೆಯೆಂಬ ಪದದ ಕೆಳಗೆ ಇಟ್ಟು ನೋಡೋಣ. ಬೇನೆ ಮೈಯಲ್ಲಿ ಬೆಳೆಯಲು ದಿವಸಗಳು ಬೇಕು, ಆದ್ದರಿಂದ ಕಾಯಬೇಕು. ಬೇನೆಗೆ ಎಳೆಯ ಮೈ ಬೇಗ ಸೋಲುತ್ತದೆ. ಆದ್ದರಿಂದ ಮೊಟ್ಟೆಯೊಡೆದ ಹೊತ್ತಿನಲ್ಲಿಯೇ ಹಚ್ಚಬೇಕು. ಬೇನೆ ಅನ್ನದೊಡನೆ ಒಳಗೆ ಹೋಗಬೇಕು. ಆದ್ದರಿಂದ ಹುಳು ತಿನ್ನುವ ಭಾಗಕ್ಕೆ ತಲಪಿಸಬೇಕು, ಅದು ರುಚಿಯಿಂದ ತಿನ್ನಲೆಂದು ಬೆಲ್ಲ. ಬೇನೆಯ ಬೀಜ ಬಿಸಿಲಿಗೆ ಸಾಯುತ್ತದೆ, ಆದ್ದರಿಂದ ಸಂಜೆ. ಸತ್ತ ಹುಳುವಿನಿಂದ ಬೇನೆ ಹರಡುತ್ತದೆ. ಆದ್ದರಿಂದ ತೂಗಾಡುವ ಹೆಣಗಳನ್ನು ಕಂಡರೆ ಸಂತೋಷಪಡಬೇಕು, ಮುಂದಿನ ಸಲಕ್ಕೆ ಆಯ್ದುಕೊಳ್ಳಲೂಬಹುದು. ಐದು ಸೂಚನೆಗಳೂ ಒಂದೇ ಪದದಿಂದ ತಾವಾಗಿಯೇ ಹೊರಡುತ್ತವೆ. ನಂಜೆಂಬ ಪದದಿಂದ ಇವುಗಳಲ್ಲಿ ಒಂದೂ ಹೊರಡುವುದಿಲ್ಲ. ಒಂದೊಂದನ್ನೂ ಕಾರಣವಿಲ್ಲದ ವಿಧಿಯೆಂಬಂತೆ ಬಾಯಿಪಾಠ ಮಾಡಬೇಕಾಗುತ್ತದೆ. ಕಾರಣ ತಿಳಿಯದ ವಿಧಿಯನ್ನು ಜನ ಮೊದಲು ಮರೆಯುತ್ತಾರೆ.

ಎಲ್.ಇ. ಎಂಬ ಎರಡಕ್ಷರಗಳ ಕಥೆ ಇನ್ನೂ ಶೋಚನೀಯ. ಮೊದಲಲ್ಲಿ ಅದರ ಅರ್ಥ 'ಒಂದು ಹುಳುವಿನಷ್ಟು' ಎಂದು. ರೋಗದಿಂದ ಸತ್ತ ಪೂರ್ಣವಾಗಿ ಬೆಳೆದ ಒಂದು ಹುಳುವಿನ ದೇಹದಲ್ಲಿ ದೊರೆಯುವ ವೈರಸ್ಸು. ಮುಂದೆ ಅದನ್ನು ಸ್ಫಟಿಕಗಳ ಎಣಿಕೆಗೆ ಕಟ್ಟಿ, ಹೆಲಿಕೋವರ್ಪದ ವಿಷಯದಲ್ಲಿ ಒಂದು ಎಲ್.ಇ.ಗೆ ೬೦೦ ಕೋಟಿ ಸ್ಫಟಿಕಗಳೆಂದು ನಿಗದಿಮಾಡಿದರು. ಆ ಲೆಕ್ಕದಲ್ಲಿ ಹೆಕ್ಟೇರಿಗೆ ೧,೫೦,೦೦೦ ಕೋಟಿಯಾಯಿತು. ಸತ್ತ ಹುಳುಗಳನ್ನು ಆಯ್ದು, ನೀರಿನಲ್ಲಿ ಅರೆದು, ತೆಳುಬಟ್ಟೆಯಲ್ಲಿ ಸೋಸಿ ಸಿಂಪಡಿಸುವ ಕೆಲಸವನ್ನು ಒಕ್ಕಲಿಗನೂ ಮಾಡಬಹುದೆಂಬ ಸಂಗತಿ ಆ ಅಳತೆಯ ಹೆಸರಿನಲ್ಲಿಯೇ ಅಡಗಿತ್ತು. ನಂಜನ್ನು ಯಾರೂ ಸತ್ತವರ ಲೆಕ್ಕದಲ್ಲಿ ಅಳೆಯುವುದಿಲ್ಲ. ಬೇನೆಯನ್ನು ಮಾತ್ರ ಹಾಗೆ ಅಳೆಯಬಹುದು. '೨೫೦ ಹುಳುಗಳಷ್ಟು' ಎಂದು ಅಚ್ಚುಹಾಕಿದ್ದರೆ ತಾನಾಗಿಯೇ ತಿಳಿಯುತ್ತಿದ್ದುದು, ಎರಡಕ್ಷರಗಳ ಮರೆಯಲ್ಲಿ ಮುಚ್ಚಿಹೋಯಿತು.

ಪದದ ಮೇಲ್ಪಂಕ್ತಿ ವ್ಯಾಪಾರವನ್ನು ಹೇಗೆ ನಡೆಸುವುದೆಂಬುದಕ್ಕೆ ಹೊರದೇಶಗಳಿಂದ ಎರಡು ಉದಾಹರಣೆಗಳನ್ನು ಕೊಡಬಹುದು. ಹೆಲಿಕೋವರ್ಪದ ಹತ್ತಿರದ ಬಂಧುವೊಂದರ ವೈರಸ್ಸು ಅಮೆರಿಕೆಯಲ್ಲಿ ಎಲ್ಕಾರ್ ಎಂಬ ಹೆಸರಿನಿಂದ ೧೯೭೫ರಲ್ಲಿ ನೋಂದಣಿಯಾಗಿ ಹತ್ತಿಯ ಬೆಳೆಗೆ ಬಂದಿತು. ಅಂಗಡಿಯ ಕಪಾಟಿನಲ್ಲಿ ರಾಸಾಯನಿಕಗಳ ಪಕ್ಕದಲ್ಲಿ ನಿಂತು, ವೇಗದಲ್ಲಿ ಅವುಗಳೊಡನೆ ಸ್ಪರ್ಧಿಸಬೇಕಾಯಿತು. ಪೈರೆಥ್ರಾಯ್ಡ್‌ಗಳು ಬಂದಮೇಲೆ ಸೋತು, ೧೯೮೦ರ ದಶಕದ ಮೊದಲಲ್ಲಿ ತಯಾರಿಕೆಯೇ ನಿಂತಿತು. ಬ್ರೆಜಿಲಿನಲ್ಲಿ ಸೋಯಾ ಎಲೆ ತಿನ್ನುವ ಹುಳುವಿನ ವೈರಸ್ಸನ್ನು ೧೯೮೦ರ ಸುಮಾರಿನಿಂದ ಸರ್ಕಾರದ ಕೃಷಿಸಂಶೋಧನ ಸಂಸ್ಥೆ ಹರಡಿದ ರೀತಿ ಬೇರೆ. ಹೊಲದಲ್ಲಿ ಸತ್ತ ಹುಳುಗಳನ್ನೇ ಆಯ್ದು, ಹೆಕ್ಟೇರಿಗೆ ೫೦ ಹುಳುಗಳ ಲೆಕ್ಕದಲ್ಲಿ ಬಳಸಿದರು. ೧೯೯೦ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ಅದು ವ್ಯಾಪಿಸಿತು. ಸೋಯಾಗಿಡ ಎಲೆಯ ನಷ್ಟವನ್ನು ತಕ್ಕಮಟ್ಟಿಗೆ ಸಹಿಸುವುದೂ, ಆ ಹುಳು ಬಯಲಲ್ಲಿ ಮೇಯುವುದೂ ಈ ಯಶಸ್ಸಿಗೆ ಕಾರಣಗಳು; ಅಲ್ಲಿಯೂ ಮುಂದೆ ಬಳಕೆ ತಗ್ಗಿತು. ಆದ್ದರಿಂದ ಎಲ್ಲವನ್ನೂ ಪದದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಒಂದು ಕಡೆ ಅದನ್ನು ನಂಜಿನಂತೆ ಮಾರಿದರು, ಇನ್ನೊಂದು ಕಡೆ ಬೇನೆಯಂತೆ ಬಿತ್ತಿದರು ಎಂಬ ವ್ಯತ್ಯಾಸ ಎದ್ದುಕಾಣುತ್ತದೆ.

ನಮ್ಮಲ್ಲಿ ಈ ವಿಚಾರ ಬರಿಯ ಶಬ್ದಚರ್ಚೆಯಲ್ಲ. ೧೯೮೭ರ ಸುಮಾರಿಗೆ ಆಂಧ್ರದ ಹತ್ತಿಯ ಸೀಮೆಯಲ್ಲಿ ಹೆಲಿಕೋವರ್ಪವು ಪೈರೆಥ್ರಾಯ್ಡ್‌ಗಳಿಗೆ ಜಗ್ಗದಂತಾಗಿ, ಬೆಳೆ ಹಾಳಾಗಿ, ಸಾಲದಲ್ಲಿ ಮುಳುಗಿದ ರೈತರು ಪ್ರಾಣ ಕಳೆದುಕೊಂಡರು. ವಿಷಕ್ಕೆ ಸಾಯದ ಹುಳುವಿನ ಎದುರಿಗೆ ಬೇರೆ ಉಪಾಯಗಳು ಬೇಕಾಗಿದ್ದ ಹೊತ್ತಿನಲ್ಲಿ, ಕೈಯಲ್ಲಿದ್ದ ಒಂದು ಉಪಾಯವನ್ನು ಮತ್ತೊಂದು ವಿಷವೆಂಬಂತೆ ಹೇಳಿದ್ದು ಸಣ್ಣ ದೋಷವಲ್ಲ.

೮

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡೋಣ. ಕಾಳಿನ ಬೆಳೆಗೆ ಬೇನೆಯನ್ನು ಹಚ್ಚಿರೆಂದರೆ ಜನ ಹೆದರುವುದಿಲ್ಲವೆ ಎಂಬುದು ಮೊದಲನೆಯದು. ನಮ್ಮ ಒಕ್ಕಲಿಗನಿಗೆ ಕಾಲುಬಾಯಿ ಬೇನೆ ಗೊತ್ತು. ಅದು ದನದ ಬೇನೆ, ಮನುಷ್ಯರದಲ್ಲ ಎಂಬುದೂ ಗೊತ್ತು. ಒಂದು ಜೀವಜಾತಿಯ ಬೇನೆ ಇನ್ನೊಂದಕ್ಕೆ ಬಾರದೆಂಬ ತಿಳಿವಳಿಕೆ ಅವನಿಗೆ ಹೊಸದಲ್ಲ. ಹೆದರಿಕೆ ಹುಟ್ಟುವುದು ಯಾರ ಬೇನೆಯೆಂದು ಹೇಳದಿದ್ದಾಗ. ನಂಜಿಗೆ ಒಡೆಯನಿಲ್ಲ, ಅದು ಯಾರನ್ನಾದರೂ ಕೊಲ್ಲುತ್ತದೆ. ಬೇನೆಗೆ ಒಡೆಯನ ಹೆಸರನ್ನು ಕೂಡಿಸಿ ಹೇಳಬಹುದು.

ಕಾನೂನು ಇದನ್ನು ಕೀಟನಾಶಕಗಳ ಪಟ್ಟಿಯಲ್ಲಿಯೇ ಸೇರಿಸಿತಲ್ಲವೆ ಎಂಬುದು ಎರಡನೆಯದು. ನೋಂದಣಿಯ ಸೌಕರ್ಯಕ್ಕಾಗಿ ಒಂದೇ ಪಟ್ಟಿಯಲ್ಲಿಡುವುದು ಬೇರೆ, ಒಂದೇ ವಾಕ್ಯದಲ್ಲಿಡುವುದು ಬೇರೆ. ಕಾನೂನಿನ ಹೆಸರನ್ನು ಡಬ್ಬಿಯ ಮೇಲೆ ಬಿಟ್ಟು, ಬೋಧನೆಯಲ್ಲಿ ತಕ್ಕ ಹೆಸರನ್ನು ಬಳಸುವುದಕ್ಕೆ ಅಡ್ಡಿಯಿಲ್ಲ.

ಮೂರನೆಯದು ಹೆಚ್ಚು ತೂಕದ್ದು. ಬೇನೆಯೆಂದು ಕರೆದ ಮಾತ್ರಕ್ಕೆ ಅದು ನಿರ್ದೋಷವಾಗುವುದೆ? ಹುಳುಗಳು ವೈರಸ್ಸಿಗೆ ಎಂದಿಗೂ ಒಗ್ಗವೆಂದು ಬಹುಕಾಲ ಹೇಳುತ್ತಿದ್ದರು. ಸೇಬನ್ನು ಕೊರೆಯುವ ಹುಳು ತನ್ನ ವೈರಸ್ಸಿಗೆ ಪ್ರತಿರೋಧವನ್ನು ಬೆಳೆಸಿಕೊಂಡ ಸಂಗತಿ ೨೦೦೫ರಲ್ಲಿ ಯೂರೋಪಿನ ತೋಟಗಳಿಂದ ವರದಿಯಾಯಿತು. ಇದು ನಮ್ಮ ವಾದಕ್ಕೆ ವಿರುದ್ಧವಲ್ಲ, ಪೋಷಕ. ಬೇನೆಯನ್ನು ಬಲ್ಲವನು ಅದನ್ನು ಗೆದ್ದು ಬದುಕುವವರೂ ಇರುತ್ತಾರೆಂದು ಬಲ್ಲನು. ಯಾವ ಹುಳುವೂ ಉಳಿಯದೆಂಬ ಭರವಸೆ ನಂಜಿನ ಜಾಹೀರಾತಿನದು. ಬೇನೆಯ ಸ್ವಭಾವದಲ್ಲಿ ಅದಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ರೇಷ್ಮೆಯ ಬೆಳೆಗಾರರ ಮಾತನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡು, ಈ ರೋಗಕುಲಕ್ಕೆ 'ಹಾಲುಬೇನೆ' ಎಂಬ ಹೆಸರನ್ನು ಬಳಸಬಹುದು. ಅದಕ್ಕೆ ಹುಳುವಿನ ಹೆಸರನ್ನು ಕೂಡಿಸಿ 'ಕಾಯಿಕೊರಕದ ಹಾಲುಬೇನೆ' ಎಂದು ಹೇಳಬಹುದು. ಕ್ರಿಯಾಪದ 'ಸಿಂಪಡಿಸು' ಎಂಬುದಕ್ಕೆ ಬದಲಾಗಿ 'ಹಚ್ಚು' ಎಂದಿರಲಿ. ಪ್ರಮಾಣವನ್ನು 'ಇಷ್ಟು ಹುಳುಗಳಷ್ಟು' ಎಂದು ಕೊಡಲಿ. ಶಾಸ್ತ್ರದ ಹೆಸರು ಶಾಸ್ತ್ರಗ್ರಂಥದಲ್ಲಿ ಇದ್ದೇ ಇರುತ್ತದೆ. ಇದಕ್ಕಿಂತ ಮೇಲಾದ ಪದವನ್ನು ಯಾರಾದರೂ ಸೂಚಿಸಿದರೆ ಅದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆದರೆ ಅದರಲ್ಲಿ ಕಾಲದ ಸೂಚನೆಯೂ ಒಡೆಯನ ಹೆಸರೂ ಇರಬೇಕು.

ವೀಡಾನ ಕಾವ್ಯವನ್ನು ಇಂದು ಓದುವವರು ವಿರಳ. ಕಾವ್ಯಗುಣದಲ್ಲಿ ಅವನು ವರ್ಜಿಲನಿಗೆ ಸಮನಲ್ಲ. ಆದರೆ ಸಾಯುತ್ತಿರುವ ಹುಳುವಿನ ಬಳಿಯಲ್ಲಿ ಕುಳಿತು ಅವನು ನೋಡಿದ್ದು, ಐದುನೂರು ವರ್ಷಗಳ ಮೇಲೆ ತೊಗರಿಯ ಹೊಲದಲ್ಲಿ ನಿಂತವನಿಗೆ ಬೇಕಾದ ತಿಳಿವಳಿಕೆಯೇ ಆಗಿದೆ: ಬೇನೆಗೆ ಹೊತ್ತು ಬೇಕು. ಇದನ್ನು ಹಸ್ತಪತ್ರದ ಒಂದು ವಾಕ್ಯದಲ್ಲಿ ಸರಿಯಾದ ಕನ್ನಡದಿಂದ ಹೇಳುವುದು ಸಾಹಿತ್ಯವನ್ನು ಕಲಿಸುವವರ ಕೆಲಸವಲ್ಲವೆಂದು ನಾವು ದೂರ ನಿಂತರೆ, ಆ ವಾಕ್ಯವನ್ನು ಬರೆಯುವವರು ತಮಗೆ ಸಿಕ್ಕಿದ ಪದದಿಂದಲೇ ಬರೆಯುತ್ತಾರೆ.